ಗುಡುಗು ನೆಲದವರಿಗೆ, ವೇಗ ಯಾರಿಗೆ?

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ದೊಡ್ಡ ಸದ್ದಿಗೆ ಮನೆಗಳ ಕಿಟಕಿ ಅದುರಿದವು. ಜನ ಭೂಕಂಪವೆಂದೇ ಗಾಬರಿಗೊಂಡರು. ಆ ಸದ್ದು ಶಬ್ದದ ವೇಗ ಮೀರಿದ ವಾಯುಪಡೆಯ ಪರೀಕ್ಷಾ ವಿಮಾನದ ಗುಡುಗೆಂದು ಆಮೇಲೆ ಗೊತ್ತಾಯಿತು. ಊರಿಂದ ಬಹಳ ದೂರದಲ್ಲಿ, 36ರಿಂದ 40 ಸಾವಿರ ಅಡಿ ಎತ್ತರದಲ್ಲಿದ್ದ ಒಂದೇ ವಿಮಾನ! ದೇಶರಕ್ಷಣೆಗಾಗಿ ಅಪರೂಪಕ್ಕೆ ಬರುವ ಸದ್ದನ್ನು ಸಹಿಸೋಣ. ಉಳ್ಳವರ ಮೂರು ಗಂಟೆ ಉಳಿಸಲು ಅದನ್ನು ನಿತ್ಯ ಸಹಿಸಿ ಎಂದರೆ ಒಪ್ಪಲಾಗದು.

ಈ ಮಾತನ್ನು ಈಗಲೇ ಹೇಳಬೇಕಾಗಿದೆ. 2025ರ ಜನವರಿಯಲ್ಲಿ ಅಮೆರಿಕದ ಬೂಮ್ ಕಂಪನಿಯ ಪ್ರಾಯೋಗಿಕ ವಿಮಾನ ಶಬ್ದದ ವೇಗ ಮೀರಿತು. ನೆಲದ ಮೇಲೆ ಇಂಥ ನಾಗರಿಕ ಹಾರಾಟಕ್ಕೆ 1973ರಿಂದ ಇದ್ದ ನಿಷೇಧವನ್ನು ತೆಗೆಯುವಂತೆ ಅದೇ ಜೂನ್‌ನಲ್ಲಿ ಅಲ್ಲಿನ ಅಧ್ಯಕ್ಷರು ಆದೇಶಿಸಿದರು.

ಶಬ್ದದ ವೇಗ ಮೀರಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನ ಕಲಿಸಿದ ಪಾಠವನ್ನು ಮರೆಯಬಾರದು. ನೂರು ಜನರನ್ನು ಲಂಡನ್‌ನಿಂದ ನ್ಯೂಯಾರ್ಕ್‌ಗೆ ಮೂರೂವರೆ ಗಂಟೆಯಲ್ಲಿ ಮುಟ್ಟಿಸುತ್ತಿದ್ದ ಆ ವಿಮಾನ ಗಂಟೆಗೆ 25 ಸಾವಿರ ಲೀಟರಿಗೂ ಹೆಚ್ಚು ಇಂಧನ ಕುಡಿಯುತ್ತಿತ್ತು. 2000ದ ಜುಲೈ 25ರಂದು ಪ್ಯಾರಿಸ್ ಬಳಿ 113 ಜೀವ ತೆಗೆದ ಅಪಘಾತ ಅದಕ್ಕೆ ದೊಡ್ಡ ಪೆಟ್ಟು ಕೊಟ್ಟಿತು. 2003ರ ಅಕ್ಟೋಬರ್ 24ಕ್ಕೆ ಪ್ರಯಾಣಿಕ ಸೇವೆ ನಿಂತೇ ಹೋಯಿತು. ಆದರೆ ಅದಕ್ಕೂ ಮೊದಲೇ ಗುಡುಗು ಅದರ ಕಾಲು ಕಟ್ಟಿಹಾಕಿತ್ತು. ಗುಡುಗು ಕೇಳುವುದು ವೇಗದ ಗಡಿ ದಾಟುವ ಒಂದು ಕ್ಷಣ ಮಾತ್ರವಲ್ಲ. ಆ ವೇಗದಲ್ಲಿ ಹಾರುವಷ್ಟೂ ಹೊತ್ತು ಅದು ದಾರಿಯುದ್ದದ ಊರುಗಳ ಮೇಲೆ ಎಳೆದುಕೊಂಡು ಸಾಗುತ್ತದೆ. ಹಾಗಾಗಿಯೇ ಕಾಂಕಾರ್ಡ್‌ಗೆ ಸಮುದ್ರದ ದಾರಿ ಮಾತ್ರ ಉಳಿಯಿತು. ಲಂಡನ್–ಸಿಂಗಪುರ ಹಾದಿಯಲ್ಲಿ ತನ್ನ ನೆಲದ ಮೇಲೆ ಆ ವೇಗ ಬೇಡವೆಂದು ಭಾರತ ಹೇಳಿತ್ತು. ಅದು ಸರಿಯಾದ ತೀರ್ಮಾನ.

ಕಡೂರು ಕಡೆಯ ಚೌಳಹಿರಿಯೂರಿನಂಥ ಊರಿನ ಕಣ್ಣಿಂದ ನೋಡಿ. ಇಲ್ಲಿಂದ ವಿದೇಶಕ್ಕೆ ಹೊರಟವರು ಕಡೂರಿಗೋ ಬೀರೂರಿಗೋ ಬಂದು ರೈಲು ಹಿಡಿದು, ಬೆಂಗಳೂರು ದಾಟಿ ದೇವನಹಳ್ಳಿಯ ವಿಮಾನ ನಿಲ್ದಾಣ ಮುಟ್ಟುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಅವರ ಹೊತ್ತು ಹೋಗುವುದು ನೆಲದ ಮೇಲೆ. ಆಕಾಶದ ವೇಗ ಅವರ ಪಾಲಿಗಿಲ್ಲ. ಅದರ ಸದ್ದು ಮಾತ್ರ ಅವರ ಹಟ್ಟಿಗೆ, ತೊಟ್ಟಿಲಿಗೆ, ಅಜ್ಜಂಪುರ ಸೀಮೆಯ ಅಮೃತಮಹಲ್ ರಾಸುಗಳ ಕಾವಲಿಗೆ ಬೀಳುತ್ತದೆ.

ಸದ್ದು ತಗ್ಗಿಸುವ ಸಂಶೋಧನೆ ನಡೆಯಲಿ. ಅದಕ್ಕೆಂದೇ ರೂಪಿಸಿದ ನಾಸಾದ ಎಕ್ಸ್-59 ವಿಮಾನ 2025ರ ಅಕ್ಟೋಬರ್‌ನಲ್ಲಿ ಮೊದಲ ಬಾರಿ ಹಾರಿದೆ. ಆದರೆ ವಿಮಾನ ಕಂಪನಿಗಳ ಭರವಸೆಯೇ ಪುರಾವೆಯಲ್ಲ. ನೆಲದಲ್ಲಿ, ಜನರ ಎದುರು ಅಳೆದ ಸದ್ದು ಸಹನೀಯವೆಂದು ಸಾಬೀತಾಗುವವರೆಗೆ ನಮ್ಮ ಊರುಗಳ ಮೇಲೆ ಯಾವ ಪ್ರಯಾಣಿಕ ವಿಮಾನವೂ ಶಬ್ದದ ವೇಗ ಮೀರಬಾರದು. ಕೇಂದ್ರ ಸರ್ಕಾರ ಇದನ್ನು ಕಾನೂನಿನಲ್ಲೇ ಖಚಿತವಾಗಿ ಬರೆಯಲಿ. ವಿಮಾನ ಬಂದು ನಿಂತ ಮೇಲೆ ಬರೆಯುವ ಕಾನೂನು ವಿಮಾನದವರ ಕಾನೂನಾಗುತ್ತದೆ.