ಬಾಯಿಯ ಗಡ್ಡೆಗೆ ಬಾಯಲ್ಲೇ ಮದ್ದು

ಬಾಯಿ, ಗಂಟಲು, ಧ್ವನಿಪೆಟ್ಟಿಗೆಗಳಲ್ಲಿ ಹುಟ್ಟುವ ತಲೆ-ಕತ್ತಿನ ಕ್ಯಾನ್ಸರ್‌ಗೆ ರೇಡಿಯೇಷನ್ ಜೊತೆ ಕೊಡುವ ಮುಖ್ಯ ಔಷಧ ಇಂದಿಗೂ ಸಿಸ್‌ಪ್ಲಾಟಿನ್. ಅಮೆರಿಕದಲ್ಲಿ 1978ರಲ್ಲೇ ಅನುಮತಿ ಪಡೆದ ಈ ಔಷಧದ ಗುಣವೂ ದೊಡ್ಡದು, ಕಾಟವೂ ದೊಡ್ಡದು. ಡ್ರಿಪ್ ಮೂಲಕ ರಕ್ತ ಸೇರಿದ ಮೇಲೆ ಅದು ಗಡ್ಡೆಯೊಂದನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ, ವಾಂತಿ ಕಾಡುತ್ತದೆ, ಕೆಲವರಿಗೆ ಕಿವಿ ಶಾಶ್ವತವಾಗಿ ಮಂದವಾಗುತ್ತದೆ. ರೇಡಿಯೇಷನ್‌ನಿಂದ ಬಾಯೆಲ್ಲ ಹುಣ್ಣಾಗಿ ಗಂಜಿ ನುಂಗಲೂ ಆಗದ ರೋಗಿ ಇದಿಷ್ಟನ್ನೂ ತಾಳಿಕೊಳ್ಳಬೇಕು.

ಔಷಧ ತುಂಬಿದ ನ್ಯಾನೋಕಣಗಳ ಹುಡುಕಾಟಕ್ಕೆ ಕಾರಣ ಈ ಸಂಕಟವೇ. ಕೊಬ್ಬು, ಪ್ರೋಟೀನು ಅಥವಾ ಪಾಲಿಮರಿನಿಂದ ಮಾಡಿದ, 100 ನ್ಯಾನೋಮೀಟರಿನ ಆಸುಪಾಸಿನ ಕಣದೊಳಗೆ ಔಷಧವನ್ನು ಅಡಗಿಸಿಡಲಾಗುತ್ತದೆ. ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದವು, ಅವುಗಳ ಗೋಡೆಯಲ್ಲಿ ಸಂದುಗಳಿರುತ್ತವೆ. ದೊಡ್ಡ ಅಣುಗಳು ಅಲ್ಲಿಂದ ಸೋರಿ ಗಡ್ಡೆಯಲ್ಲೇ ನಿಲ್ಲುತ್ತವೆಂದು ಜಪಾನಿನ ಮಾಟ್ಸುಮುರಾ ಮತ್ತು ಮಾಯೆದಾ 1986ರಲ್ಲಿ ತೋರಿಸಿದರು. 1995ರಲ್ಲಿ ಡಾಕ್ಸಿಲ್, 2005ರಲ್ಲಿ ಅಬ್ರಾಕ್ಸೇನ್ ಎಂಬ ನ್ಯಾನೋಕಣ ಔಷಧಗಳು ಬೇರೆ ಕ್ಯಾನ್ಸರ್‌ಗಳಿಗೆ ಬಳಕೆಗೆ ಬಂದವು.

ಆದರೆ ಈ ಸೋರಿಕೆಯನ್ನೇ ನೆಚ್ಚಿಕೊಳ್ಳುವಂತಿಲ್ಲ. ಹಲವು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಟೊರಾಂಟೊದ ಸಂಶೋಧಕರು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಚುಚ್ಚಿದ ಕಣಗಳಲ್ಲಿ ಗಡ್ಡೆ ಮುಟ್ಟಿದ್ದು ಶೇ 0.7ರಷ್ಟು ಮಾತ್ರ. ಬಹುಪಾಲನ್ನು ಯಕೃತ್ತು, ಗುಲ್ಮಗಳೇ ಹಿಡಿದಿಟ್ಟುಕೊಳ್ಳುತ್ತವೆ. ಕಣದ ಮೈಗೆ ಪ್ರತಿಕಾಯ ಅಂಟಿಸುವುದು ಇನ್ನೊಂದು ದಾರಿ. ತಲೆ-ಕತ್ತಿನ ಗಡ್ಡೆಗಳಲ್ಲಿ ಇಜಿಎಫ್‌ಆರ್ ಎಂಬ ಗ್ರಾಹಕ ಹೇರಳ; ಅದನ್ನು ಹಿಡಿಯುವ ನಿಮೊಟುಜುಮ್ಯಾಬ್ ಪ್ರತಿಕಾಯವನ್ನು ಬೆಂಗಳೂರಿನ ಬಯೋಕಾನ್ 2006ರಲ್ಲೇ ಭಾರತದ ಮಾರುಕಟ್ಟೆಗೆ ತಂದಿತ್ತು. ಆದರೂ ಪ್ರತಿಕಾಯ ಹೊತ್ತ ಕಣ ರಕ್ತದಲ್ಲೇ ಸಾಗಬೇಕು, ಯಕೃತ್ತನ್ನು ದಾಟಿಯೇ ಹೋಗಬೇಕು.

ಬಾಯಿ ಕ್ಯಾನ್ಸರ್‌ಗೆ ಒಂದು ಅನುಕೂಲವಿದೆ, ಅದನ್ನು ಬಳಸದಿರುವುದು ದೊಡ್ಡ ನಷ್ಟ: ಗಡ್ಡೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಸಿಗಡಿ ಚಿಪ್ಪಿನಂಥ ಮೂಲದಿಂದ ಬರುವ ಕೈಟೋಸಾನ್‌ನ ಕಣಗಳಲ್ಲಿ ಸಿಸ್‌ಪ್ಲಾಟಿನ್ ತುಂಬಿ, ಪುಟ್ಟ ಪಟ್ಟಿಯಾಗಿ ಮಾಡಿ, ಶಸ್ತ್ರಕ್ರಿಯೆಗೆ ಮುಂಚೆ ಗಡ್ಡೆಯ ಮೇಲೇ ಅಂಟಿಸುವ ಪ್ರಯೋಗ ಅಮೆರಿಕದಲ್ಲಿ ನಡೆದಿದೆ. ಪಟ್ಟಿಯ ಒಂದು ಮುಖ ಔಷಧವನ್ನು ಗಡ್ಡೆಗೆ ಬಿಡುತ್ತದೆ. ಇನ್ನೊಂದು ಮುಖದ ಹೊದಿಕೆ ಔಷಧ ಎಂಜಲಿಗೆ ಬೆರೆಯದಂತೆ ತಡೆಯುತ್ತದೆ. ಕೆಲವೇ ರೋಗಿಗಳ ಮೇಲಿನ ಆ ಪ್ರಯೋಗದಲ್ಲಿ ಗಡ್ಡೆಗಳು ಕುಗ್ಗಿದವು, ರಕ್ತಕ್ಕೆ ಸೇರಿದ ಔಷಧ ಅತ್ಯಲ್ಪ. ದೊಡ್ಡ ಪ್ರಯೋಗಗಳಲ್ಲಿ ಇದು ಗೆಲ್ಲಬೇಕಿದೆ.

ದವಡೆಯ ಮೂಳೆಗೆ ಇಳಿದ, ಕತ್ತಿನ ಗಂಟುಗಳಿಗೆ ಹಬ್ಬಿದ ಕ್ಯಾನ್ಸರ್‌ಗೆ ಪಟ್ಟಿಯೊಂದೇ ಸಾಲದು. ಗುಟ್ಕಾ, ಹೊಗೆಸೊಪ್ಪು ಜಗಿಯುವ ನಮ್ಮ ಜನ ಬಹುತೇಕ ಈ ಹಂತದಲ್ಲೇ ಆಸ್ಪತ್ರೆ ಸೇರುತ್ತಾರೆ. ಕೆನ್ನೆಯೊಳಗಿನ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು ತಾಲ್ಲೂಕು ಆಸ್ಪತ್ರೆಯಲ್ಲೇ ದಂತವೈದ್ಯರ ಕಣ್ಣಿಗೆ ಬಿದ್ದರೆ ಮಾತ್ರ ಇಂಥ ಪಟ್ಟಿಗೆ ಇಲ್ಲಿ ಕೆಲಸ.