ವಿಧಿಯ ಹೆಸರಿನಲ್ಲಿ ಮುಚ್ಚಿಹೋಗುವ ಹೊಣೆ

ಕರಾವಳಿ ಕರ್ನಾಟಕದ ಅನೇಕ ಮುಸ್ಲಿಮ್ ಮನೆಗಳಲ್ಲಿ ಒಲೆ ಉರಿಯುವುದು ಕೊಲ್ಲಿ ರಾಷ್ಟ್ರಗಳ ದುಡಿಮೆಯಿಂದ. ಅಲ್ಲಿಂದ ಮರಣವಾರ್ತೆ ಬಂದಾಗ ನಾವು ‘ಅಲ್ಲಾಹನ ವಿಧಿ’ ಎಂದು ಸಹನೆ ತಾಳುತ್ತೇವೆ. ಮರಣದ ಸಮಯ ನಿಶ್ಚಿತವೆಂಬುದು ನಮ್ಮ ವಿಶ್ವಾಸ. ಆದರೆ ಆ ವಿಶ್ವಾಸವು ಮನುಷ್ಯರ ನಿರ್ಲಕ್ಷ್ಯಕ್ಕೆ ಹೊದಿಕೆಯಾಗಬಾರದು.

2024ರ ಜೂನ್ 12ರಂದು ಕುವೈತ್‌ನ ಮಂಗಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 45 ಭಾರತೀಯರು ಮೃತಪಟ್ಟರು. ಅದು ಸುದ್ದಿಯಾಯಿತು. ಬಿಸಿಲಲ್ಲಿ ದುಡಿದು ಒಬ್ಬೊಬ್ಬರಾಗಿ ಸಾಯುವವರು ಸುದ್ದಿಯಾಗುವುದಿಲ್ಲ. ಬೇಸಗೆಯ ಮಧ್ಯಾಹ್ನ ಬಯಲಲ್ಲಿ ಕೆಲಸ ಮಾಡಿಸುವುದನ್ನು ಯುಎಇಯಲ್ಲಿ 12.30ರಿಂದ 3ರ ವರೆಗೆ, ಕತಾರ್‌ನಲ್ಲಿ 10ರಿಂದ 3.30ರ ವರೆಗೆ ನಿಷೇಧಿಸಲಾಗಿದೆ. ಇದು ಸ್ವಾಗತಾರ್ಹ. ಆದರೆ ಆರ್ದ್ರತೆ ತುಂಬಿದ ಸೆಕೆ ಗಡಿಯಾರ ನೋಡಿ ಇಳಿಯುವುದಿಲ್ಲ. ಆರೋಗ್ಯವಂತ ಯುವಕ ರಾತ್ರಿ ಮಲಗಿದಲ್ಲೇ ಕೊನೆಯುಸಿರೆಳೆದರೆ, ಎಷ್ಟೋ ಬಾರಿ ಶವಪರೀಕ್ಷೆಯಿಲ್ಲದೆ ‘ಸ್ವಾಭಾವಿಕ ಮರಣ’ ಎಂದು ದಾಖಲಾಗುತ್ತದೆ. ಆ ಎರಡು ಪದಗಳಿಂದ ಮಾಲಕನ ಹೊಣೆಯೂ ಕುಟುಂಬದ ಪರಿಹಾರವೂ ಕೊನೆಗೊಳ್ಳುತ್ತವೆ.

ಪವಿತ್ರ ಕುರ್‌ಆನ್ ಇಷ್ಟು ಸುಲಭವಾಗಿ ಲೆಕ್ಕ ಮುಗಿಸುವುದಿಲ್ಲ. ಪ್ರಮಾದದಿಂದ ಒಂದು ಜೀವ ಹೋದರೂ ಕುಟುಂಬಕ್ಕೆ ದಿಯಾ ಎಂಬ ಪರಿಹಾರಧನ ಮತ್ತು ಪ್ರಾಯಶ್ಚಿತ್ತವನ್ನು ಅನ್ನಿಸಾ ಅಧ್ಯಾಯದ 92ನೇ ಸೂಕ್ತವು ವಿಧಿಸುತ್ತದೆ. ಒಪ್ಪಂದವಿರುವ ಅನ್ಯ ಜನಾಂಗದವನಿಗೂ ಈ ಹಕ್ಕಿದೆ. ಉದ್ದೇಶವಿಲ್ಲದ ಸಾವಿಗೇ ಇಷ್ಟು ಹೊಣೆಯಿರುವಾಗ, ಅಪಾಯ ತಿಳಿದೂ ದುಡಿಸಿದವನ ಗತಿಯೇನು? ಒಂಟೆಯನ್ನು ಕಟ್ಟಿ ನಂತರ ಭರವಸೆಯಿಡಲು ಕಲಿಸಿದ ಪ್ರವಾದಿವರ್ಯರು(ಸ), ಕೈಕೆಳಗಿನವರ ಮೇಲೆ ಶಕ್ತಿಮೀರಿದ ಹೊರೆ ಹೊರಿಸುವುದನ್ನೂ ತಡೆದರು.

ಮೃತದೇಹ ಬೇಗ ತಲುಪಿ ದಫನವಾಗಲೆಂಬ ಕುಟುಂಬದ ತವಕ ಸಹಜ. ಅದು ಸುನ್ನತ್ ಕೂಡ. ಆದರೆ ಸಂಶಯವಿದ್ದಾಗ ಸತ್ಯ ತಿಳಿಯಲು ಶವಪರೀಕ್ಷೆಗೆ ಅನೇಕ ವಿದ್ವಾಂಸರು ಅನುಮತಿ ನೀಡಿದ್ದಾರೆ. ಅನಾಥ ಮಕ್ಕಳ ಹಕ್ಕನ್ನು ಕೇಳುವುದು ವಿಧಿಯ ವಿರುದ್ಧ ದೂರುವುದಲ್ಲ. ದಾಖಲೆ, ದೂತಾವಾಸ, ಕಾನೂನಿನ ವಿಷಯದಲ್ಲಿ ಇಂತಹ ಕುಟುಂಬಗಳಿಗೆ ಜೊತೆ ನಿಲ್ಲುವುದು ಜಮಾಅತ್‌ಗಳ ಕರ್ತವ್ಯ.

ಈ ಪ್ರಶ್ನೆ ನಮ್ಮ ಅಂಗಳಕ್ಕೂ ಬರುತ್ತದೆ. ನಮ್ಮಲ್ಲೂ ಗುತ್ತಿಗೆದಾರರು, ಕಾರ್ಖಾನೆ ಮಾಲಕರು ಇದ್ದಾರೆ. ಹೆಲ್ಮೆಟ್, ಸುರಕ್ಷಾ ಬೆಲ್ಟ್ ಇಲ್ಲದೆ ಪರವೂರಿನ ಕೂಲಿಯಾಳನ್ನು ಮೂರನೇ ಮಹಡಿಗೆ ಹತ್ತಿಸಿ ಗಳಿಸಿದ ಲಾಭದಿಂದ ಉಮ್ರಾಕ್ಕೆ ಹೊರಡುವ ಮುನ್ನ ಯೋಚಿಸಬೇಕು. ಆ ಕೂಲಿಯಾಳಿನ ಜೀವವೂ ನಮ್ಮ ಕೈಯಲ್ಲಿರುವ ಅಮಾನತ್. ನಾಳೆ ಪರಲೋಕದಲ್ಲಿ ಅದರ ವಿಚಾರಣೆಯಿದೆ. ಅಲ್ಲಿ ‘ಸ್ವಾಭಾವಿಕ ಮರಣ’ ಎಂಬ ಪ್ರಮಾಣಪತ್ರ ನಡೆಯದು.