ಪಂಜರದ ಹಕ್ಕಿಗೆ ಇಲ್ಲದ ಕೆಲಸ

ಚೆನ್ನೈನ ಶೋಳಿಂಗನಲ್ಲೂರಿನಂಥ ಐಟಿ ಬಡಾವಣೆಯ ಬಾಲ್ಕನಿಗಳಲ್ಲಿ ಲವ್ ಬರ್ಡ್ಸ್ ಪಂಜರ ತೂಗಾಡುವುದು ಹೊಸದೇನಲ್ಲ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, 2022ರಲ್ಲಿ ಜೌಗು ನೆಲಗಳ ಅಂತರರಾಷ್ಟ್ರೀಯ ರಾಮ್‌ಸರ್ ಪಟ್ಟಿಗೆ ಸೇರಿದ ಪಳ್ಳಿಕರಣೈ ಜೌಗು ಪ್ರದೇಶವಿದೆ. ರಾಜಹಂಸ, ಹೆಜ್ಜಾರ್ಲೆಗಳು ಬರುವ ಆ ನೀರಿಗೆ ಒಂದು ಬದಿಯಲ್ಲಿ ಪೆರುಂಗುಡಿಯ ಕಸದ ರಾಶಿ ತಗುಲಿಕೊಂಡಿದೆ, ನಡುವೆಯೇ ವಾಹನಗಳು ಭರ್ರನೆ ಹಾಯುವ ಹೆದ್ದಾರಿ. ಚರಂಡಿ ನೀರು, ವಿದ್ಯುತ್ ತಂತಿ, ಬೀದಿನಾಯಿ, ಹದ್ದು ಎಲ್ಲವೂ ಅಲ್ಲಿವೆ. ಹಕ್ಕಿ ಸಾಕುವವರು ಬೊಟ್ಟು ಮಾಡುವುದು ಇದನ್ನೇ: ನಮ್ಮ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ನವಣೆ, ನೀರು ಸಿಗುತ್ತದೆ, ಕಾಯಿಲೆಯಾದರೆ ವೈದ್ಯರಿದ್ದಾರೆ, ಹೊರಗಿನದಕ್ಕಿಂತ ಹೆಚ್ಚು ಕಾಲ ಬದುಕುತ್ತದೆ. ಚೆನ್ನಾಗಿ ನೋಡಿಕೊಂಡರೆ ಈ ಮಾತು ಬಹುಮಟ್ಟಿಗೆ ನಿಜ. ನನ್ನ ತಕರಾರು ಅದರ ಅಳತೆಗೋಲಿನ ಬಗ್ಗೆ: ಹಕ್ಕಿ ಎಷ್ಟು ಕಾಲ ಬದುಕುತ್ತದೆ ಎಂಬುದನ್ನು ಅದು ಅಳೆಯುತ್ತದೆ, ದಿನವನ್ನು ಹೇಗೆ ಕಳೆಯುತ್ತದೆ ಎಂಬುದನ್ನಲ್ಲ.

ಕಾಡಿನ ಗಿಳಿಗೆ ಹೊಟ್ಟೆ ತುಂಬಿಸಿಕೊಳ್ಳುವುದೇ ದಿನದ ಬಹುಪಾಲು ದುಡಿಮೆ. ಯಾವ ಮರ ಕಾಯಿ ಬಿಟ್ಟಿದೆ, ಯಾವ ಸಿಪ್ಪೆಯನ್ನು ಹೇಗೆ ಒಡೆಯಬೇಕು, ಹಿಂಡು ಎತ್ತ ಹೊರಟಿತು ಎಂದು ಅದು ಸದಾ ಲೆಕ್ಕ ಹಾಕುತ್ತಿರುತ್ತದೆ. ಬಟ್ಟಲಲ್ಲಿ ಕಾಳು ಸುರಿದರೆ ಈ ಎಲ್ಲ ಕೆಲಸ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಉಳಿದ ಹಗಲನ್ನು ಏನು ಮಾಡುವುದು? ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು ಐವತ್ತು ಪ್ರಭೇದಗಳ ಸಾವಿರಕ್ಕೂ ಹೆಚ್ಚು ಸಾಕು ಗಿಳಿಗಳ ವಿವರ ಕಲೆಹಾಕಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಕಾಡಿನಲ್ಲಿ ಆಹಾರವನ್ನು ಬಿಡಿಸಿ, ಒಡೆದು ತಿನ್ನಬೇಕಾದ ಪ್ರಭೇದಗಳೇ ಪಂಜರದಲ್ಲಿ ತಮ್ಮ ಪುಕ್ಕವನ್ನು ತಾವೇ ಕಿತ್ತುಕೊಳ್ಳುವುದು ಹೆಚ್ಚು. ದೇಹಕ್ಕೆ ಹೋಲಿಸಿದರೆ ಮಿದುಳು ದೊಡ್ಡದಿರುವವು ಅರ್ಥವಿಲ್ಲದ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು ಹೆಚ್ಚು. ಅಂದರೆ ನಾವು ಮೆಚ್ಚಿ ತರುವ ಜಾಣತನವೇ ಅವಕ್ಕೆ ಶಿಕ್ಷೆ.

ಪಂಜರದಲ್ಲೇ ಹುಟ್ಟಿದ್ದಕ್ಕೆ ಆಕಾಶದ ನೆನಪೇನು ಎಂದು ಕೇಳಬಹುದು. ನಾವು ಸಾಮಾನ್ಯವಾಗಿ ಲವ್ ಬರ್ಡ್ಸ್ ಎಂದು ಕರೆಯುವ ಬಜರಿಗರ್ ಹಕ್ಕಿ ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಜೀವಂತವಾಗಿ ಹೋದದ್ದು 1840ರ ಸುಮಾರಿಗೆ. ಕೋಳಿಯನ್ನು ಮನುಷ್ಯ ಪಳಗಿಸಿದ್ದು ಸಾವಿರಾರು ವರ್ಷಗಳ ಹಿಂದೆ. ಆದರೂ ಅದು ಇನ್ನೂ ಕೆದಕುವುದನ್ನು ಬಿಟ್ಟಿಲ್ಲ. ಮಳೆ ಎಲ್ಲಿ ಬಿತ್ತೆಂದು ಮರುಭೂಮಿಯಲ್ಲಿ ಅಲೆಯುವ ಬಜರಿಗರ್‌ನ ರೆಕ್ಕೆ ಇನ್ನೂರು ವರ್ಷವೂ ತುಂಬದ ಸಾಕಣೆಯಲ್ಲಿ ಹಾರಾಟ ಮರೆತೀತೇ? ಹಾಗೆಂದು ಇವತ್ತೇ ಬಾಗಿಲು ತೆರೆದುಬಿಡಿ ಎಂದಲ್ಲ. ಚೆನ್ನೈನ ಬಯಲಲ್ಲಿ ಅದು ಬಹುಶಃ ವಾರವೂ ಬಾಳದು.

ಕಾನೂನು ಇಲ್ಲಿ ಅರ್ಧ ದಾರಿ ಮಾತ್ರ ಬಂದಿದೆ. ನಮ್ಮ ಕೆಂಪುಪಟ್ಟಿ ಕೊರಳಿನ ಗಿಳಿಯನ್ನು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಶಾಸ್ತ್ರ ಹೇಳಿಸಲು ಇಟ್ಟುಕೊಂಡರೂ ಅಷ್ಟೇ. ವಿದೇಶಿ ಹಕ್ಕಿಗಳಲ್ಲಿ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವವನ್ನು ನೋಂದಾಯಿಸಬೇಕೆಂದು 2024ರ ನಿಯಮ ಹೇಳುತ್ತದೆ. ಆದರೆ ಅತಿ ಹೆಚ್ಚು ಮಾರಾಟವಾಗುವ ಬಜರಿಗರ್, ಕಾಕಟೀಲ್ ಆ ಪಟ್ಟಿಯಲ್ಲೇ ಇಲ್ಲ. ಅವಕ್ಕೆ ಉಳಿದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ: ಓಡಾಡಲು ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿ ಇಡುವುದು ಅಪರಾಧ ಎನ್ನುತ್ತದೆ ಅದರ 11ನೇ ಸೆಕ್ಷನ್. ಎಷ್ಟಿದ್ದರೆ ಸಾಕು ಎಂಬ ಅಳತೆಯನ್ನು ಆ ಸೆಕ್ಷನ್ ಹೇಳುವುದಿಲ್ಲ. ಹಾಗಾಗಿ ಉಳಿದ ಅರ್ಧ ದಾರಿ ನಮ್ಮದೇ. ಮಕ್ಕಳಿಗೆ ಹಕ್ಕಿಯ ಮೇಲೆ ಪ್ರೀತಿ ಬರಲಿ ಎನ್ನುವವರು ಭಾನುವಾರ ಬೆಳಿಗ್ಗೆ ಅಲ್ಲೇ ಹತ್ತಿರದ ಪೆರುಂಬಾಕ್ಕಂ ಕೆರೆಯಂಚಿಗೆ ಹೋಗಬಹುದು, ಖರ್ಚೂ ಕಡಿಮೆ. ಈಗಾಗಲೇ ಮನೆಯಲ್ಲಿರುವ ಹಕ್ಕಿಗೆ ಜೊತೆಗಾರ ಹಕ್ಕಿ ಇರಲಿ, ಫ್ಯಾನ್ ನಿಲ್ಲಿಸಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ದಿನವೂ ಹಾರಲು ಬಿಡಿ, ಕಾಳನ್ನು ಬಟ್ಟಲಿಗೆ ಸುರಿಯದೆ ತೆನೆಯಲ್ಲೇ ಕೊಡಿ, ಕಾಗದದಲ್ಲಿ ಸುತ್ತಿ ಬಚ್ಚಿಡಿ. ಅದರ ಆಯುಷ್ಯ ತೀರಿದ ಮೇಲೆ ಇನ್ನೊಂದನ್ನು ತರಬೇಡಿ.